ಬಿಎ ಮಾಡಿ ಏನು ಮಾಡ್ತಿ?

ಪಾಣೆಮಂಗಳೂರಿನ ಹಳೇ ಸೇತುವೆ ದಾಟಿ ಕಾಲೇಜಿಗೆ ಹೋದ ಮೂರು ವರ್ಷವೂ ನನಗೆ ಎದುರಾದ ಪ್ರಶ್ನೆ ಒಂದೇ: "ಬಿಎ ಮಲ್ತ್‌ದ್ ದಾದ ಮಲ್ಪುವ ಮಗ?" ಕೇಳಿದವರಲ್ಲಿ ವ್ಯಂಗ್ಯವಿರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಚುಚ್ಚುತ್ತಿತ್ತು. ಸೈನ್ಸ್ ಸಿಗದವರು ಕಾಮರ್ಸಿಗೆ, ಅದೂ ಸಿಗದವರು ಆರ್ಟ್ಸಿಗೆ ಎಂಬ ಲೆಕ್ಕ ಊರಿಗೆಲ್ಲ ಬಾಯಿಪಾಠ. ನನ್ನದು ಎಚ್‌ಇಪಿ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಫೀಸು ಕಟ್ಟಿದ್ದು ಅಮ್ಮನ ತಡ್ಪೆ, ಅಂದರೆ ಮೊರ. ಅದನ್ನು ಮಡಿಲಲ್ಲಿಟ್ಟು ಅಮ್ಮ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ತಂದ ಮಜೂರಿ, ಜೊತೆಗೆ ಬೀಡಿ ಕಾರ್ಮಿಕರ ಮಕ್ಕಳಿಗೆಂದು ಕೇಂದ್ರ ಸರಕಾರ ಕೊಡುವ ಸ್ಕಾಲರ್‌ಶಿಪ್.

ಎರಡನೇ ವರ್ಷ ಭೂಸುಧಾರಣೆಯ ಪಾಠ ಬಂತು. 1974ರ ತಿದ್ದುಪಡಿ, ದೇವರಾಜ ಅರಸು, ಭೂನ್ಯಾಯ ಮಂಡಳಿ ಎಂದೆಲ್ಲ ಹೇಳುತ್ತಾ ಮೇಷ್ಟ್ರು ಗೇಣಿದಾರರು ಕೊಡಬೇಕಿದ್ದ ಫಾರಂ ನಂಬ್ರ 7ಕ್ಕೆ ಬಂದಾಗ ನಾನು ನೆಟ್ಟಗೆ ಕೂತೆ. ಆ ಫಾರಂ ಕೊಡುವುದಕ್ಕೇ ಊರಲ್ಲಿ 'ಡಿಕ್ಲರೇಶನ್' ಎನ್ನುವುದು; ನಮ್ಮ ಮನೆಯಲ್ಲಿ ಅದು ನಿತ್ಯ ಬಳಕೆಯ ಶಬ್ದ. "ಡಿಕ್ಲರೇಶನಿನ ಮೊದಲು", "ಡಿಕ್ಲರೇಶನ್ ಆದ ಮೇಲೆ" ಎಂದೇ ಅಜ್ಜ ವರ್ಷ ಎಣಿಸುತ್ತಿದ್ದದ್ದು. ಅದು ಏನೆಂದು ನಾನು ಕೇಳಿರಲೇ ಇಲ್ಲ. ಆ ಸಂಜೆ ಅಜ್ಜನ ಪೆಟ್ಟಿಗೆ ತೆಗೆಸಿ, ಅಂಚು ಹರಿದ ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ತನ್ನದೇ ಗದ್ದೆಯ ಕಾಗದದಲ್ಲಿ ಏನು ಬರೆದಿದೆಯೆಂದು ಅಜ್ಜ ಪೂರ್ತಿ ಕೇಳಿದ್ದು ಅಂದೇ. ಸರ್ವೆ ನಂಬರ್ ಬಂದಾಗಲೊಮ್ಮೆ "ಇನ್ನೊಮ್ಮೆ ಓದು" ಎಂದರು.

ಕೆಲಸದ ಮಾತಿಗೆ ಬಂದರೆ, ನಮ್ಮ ಬಂಟ್ವಾಳದಲ್ಲೇ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರೂ ಬಿಎ. ಮಾಸ್ತರರಾದರು, ಶಾಲಾ ಇನ್‌ಸ್ಪೆಕ್ಟರಾದರು, ಮಕ್ಕಳಿಗೆ ಹಾಡು ಕಟ್ಟಿದರು. ನನ್ನ ಜೊತೆಗಾರರು ಬಿಎಡ್, ಎಲ್‌ಎಲ್‌ಬಿ, ಎಂಎಸ್‌ಡಬ್ಲ್ಯು ಎಂದು ಚದುರಿದರು. ಒಬ್ಬ ಪೊಲೀಸ್, ಒಬ್ಬಳು ಪತ್ರಕರ್ತೆ. ನಾನು ದುಬೈಗೆ ಬಂದು ಹಡಗಿನ ಸರಕಿನ ಕಾಗದಪತ್ರ ನೋಡುವ ಗುಮಾಸ್ತನಾದೆ. ಬಿಎ ಇಲ್ಲಿ ಉಪಯೋಗಕ್ಕೆ ಬಂತೇ? ಕಾಗದವನ್ನು ಕೊನೆಯ ಸಾಲಿನವರೆಗೆ ಓದುವ ಚಾಳಿ ಬಂತು, ಸಂಬಳವೂ ಅದಕ್ಕೇ.

ಕಳೆದ ರಜೆಯಲ್ಲಿ ಮಗಳು ಇತಿಹಾಸ ಓದುತ್ತೇನೆಂದಳು. "ಓದಿ ಏನು ಮಾಡ್ತಿ?" ಎಂದಿತು ನನ್ನ ಬಾಯಿ. ಸೇತುವೆಯ ಮೇಲಿನ ಮುದುಕರೆಲ್ಲ ನನ್ನೊಳಗೇ ಇದ್ದರು ನೋಡಿ! ನಾಚಿಕೆಯಾಗಿ ಮರುದಿನ ಅವಳನ್ನು ಬಿ.ಸಿ.ರೋಡಿನ ಸಂಚಯಗಿರಿಗೆ ಕರೆದೊಯ್ದೆ. ಇತಿಹಾಸದ ಪ್ರಾಧ್ಯಾಪಕರಾಗಿದ್ದ ತುಕಾರಾಮ ಪೂಜಾರಿಯವರು ಅಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಕಟ್ಟಿ, ತುಳುನಾಡಿನ ಮನೆಬಳಕೆಯ, ಬೇಸಾಯದ ಹಳೆಯ ಸಾಮಾನುಗಳನ್ನು ಒಟ್ಟುಮಾಡಿ ಮ್ಯೂಸಿಯಂ ಮಾಡಿದ್ದಾರೆ. ನಾವು ಅಟ್ಟದಿಂದ ಇಳಿಸಿ ಗುಜರಿಗೆ ಹಾಕಿದಂಥವೇ.

ಮಗಳು ಒಂದೊಂದರ ಮುಂದೆಯೂ ನಿಂತು ಹೆಸರು ಕೇಳಿದಳು. ಅರ್ಧಕ್ಕೆ ಉತ್ತರ ಗೊತ್ತಿತ್ತು. ಹೊರಗೆ ಬಂದು ಚಪ್ಪಲಿ ಹಾಕುತ್ತಾ, "ಅಪ್ಪ, ಅಜ್ಜಿಯ ತಡ್ಪೆ ಎಲ್ಲಿ?" ಎಂದಳು.

ಅದನ್ನು ಯಾವಾಗ ಎಸೆದೆವೆಂದು ಊರಿನ ಮನೆಗೆ ಫೋನ್ ಮಾಡಿ ಕೇಳಿದೆ. ಯಾರಿಗೂ ನೆನಪಿಲ್ಲ.