ಬೇಲಿಯೇ ಎದ್ದು ಹೊಲ ಮೇಯ್ದರೆ

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯಲ್ಲಿರುವ ನೋವು ಬೆಳೆ ಹೋದದ್ದಕ್ಕಿಂತ ದೊಡ್ಡದು. ಬೀಡಾಡಿ ದನ ಹೊಲಕ್ಕೆ ನುಗ್ಗಿದರೆ ರೈತ ಅದನ್ನು ಅಟ್ಟುತ್ತಾನೆ, ಇಲ್ಲವೆ ದೊಡ್ಡಿಗೆ ಹೊಡೆಯುತ್ತಾನೆ. ದನದ ಒಡೆಯ ದಂಡ ತೆತ್ತು ಬಿಡಿಸಿಕೊಂಡು ಹೋಗುತ್ತಾನೆ. ಬೇಲಿಯನ್ನು ಹೊಡೆದು ಕೂಡುವ ದೊಡ್ಡಿ ಯಾವ ಊರಲ್ಲೂ ಇಲ್ಲ. ಗಾದೆಯ ಜೀವ ‘ಎದ್ದು’ ಎಂಬ ಮಾತಿನಲ್ಲಿದೆ. ಬೇಲಿ ನೆಟ್ಟಲ್ಲೇ ನಿಲ್ಲುವ ವಸ್ತು, ಅದಕ್ಕೆ ಕಾಲಿಲ್ಲ, ಬಾಯಿಲ್ಲ. ಅಂಥದ್ದು ಏಳಬೇಕಾದರೆ ತನ್ನ ಗುಣವನ್ನೇ ಬಿಡಬೇಕು. ‘ಬೇಲಿಯೇ’ ಎಂಬಲ್ಲಿನ ಏಕಾರದಲ್ಲಿ, ಯಾವುದನ್ನು ನಂಬಿ ರೈತ ನಿದ್ದೆ ಮಾಡಿದ್ದನೋ ಅದೇ ಹೀಗೆ ಮಾಡಿತಲ್ಲ ಎಂಬ ದಿಗಿಲಿದೆ. ಬ್ರಿಟಿಷ್ ಆಳ್ವಿಕೆಗೂ ಅದರ ಪ್ರಜೆಗಳಿಗೂ ನಡುವೆ ಬಿರುಕು ಬೆಳೆದ ಬಗೆಯನ್ನು ಹೇಳಲು ಇದಕ್ಕಿಂತ ಹತ್ತಿರದ ಮಾತು ಕನ್ನಡದಲ್ಲಿ ಸಿಗುವುದು ಕಷ್ಟ.

ಮೊದಲ ದೊಡ್ಡ ಬಿರುಕು ಕಂಡದ್ದು ಅಮೆರಿಕದಲ್ಲಿ. 1763ರಲ್ಲಿ ಫ್ರೆಂಚರೊಡನೆ ಯುದ್ಧ ಮುಗಿದ ಮೇಲೆ ಅಲ್ಲಿನ ವಸಾಹತುಗಳ ರಕ್ಷಣೆಗೆಂದು ಸುಮಾರು 10,000 ಸೈನಿಕರನ್ನು ಇರಿಸಲು ಲಂಡನ್ ನಿರ್ಧರಿಸಿತು. ಆ ಖರ್ಚಿನ ಒಂದು ಪಾಲನ್ನು ವಸಾಹತಿನವರಿಂದಲೇ ಎತ್ತಲು 1765ರಲ್ಲಿ ಸ್ಟಾಂಪ್ ತೆರಿಗೆ ಬಂತು. ಅದೇ ವರ್ಷ ಸೈನಿಕರ ವಸತಿ, ಸಾಮಗ್ರಿಗಳ ಹೊರೆಯೂ ಅವರ ಮೇಲೆ ಬಿತ್ತು. ತೆರಿಗೆ ಹಾಕಿದ ಸಂಸತ್ತಿನಲ್ಲಿ ಅವರ ಪ್ರತಿನಿಧಿ ಒಬ್ಬನೂ ಇರಲಿಲ್ಲ. 1770ರ ಮಾರ್ಚ್ 5ರಂದು ಬೋಸ್ಟನ್ನಿನ ಬೀದಿಯಲ್ಲಿ ಸೈನಿಕರ ಗುಂಡಿಗೆ ಐವರು ಬಲಿಯಾದರು. 1773ರಲ್ಲಿ ಅದೇ ಊರಿನ ಬಂದರಿನಲ್ಲಿ ಸಮುದ್ರಕ್ಕೆ ಎಸೆದ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಮುಂಬೈಯನ್ನು ಆಳುತ್ತಿದ್ದದ್ದೂ ಅದೇ ಕಂಪನಿ. 1775ಕ್ಕೆ ಯುದ್ಧ ಶುರುವಾಯಿತು. ಅಲ್ಲಿ ಬೇಲಿ ಎದ್ದು ಹೊಲ ಹಾಳಾಗಲು ಹನ್ನೆರಡು ವರ್ಷ ಸಾಕಾಯಿತು.

ಇನ್ನು ಇತ್ತ ಮುಂಬೈ ಬಳಿಯ ಬೇಲಾಪುರಕ್ಕೂ ಬೇಲಿ ಹೊಸದಲ್ಲ. ಪನವೇಲ ಖಾಡಿಯ (ಕಡಲ ಹಿನ್ನೀರಿನ) ದಡದ ಅದರ ಕೋಟೆಯನ್ನು ಸಿದ್ದಿಗಳು, ಪೋರ್ಚುಗೀಸರು, ಮರಾಠರು ಸರದಿಯಂತೆ ಕಾದರು. 1817ರಲ್ಲಿ ಅದು ಬ್ರಿಟಿಷರ ಕೈಸೇರಿತು. ಖಾಡಿಯಿಂದ ಉರಣ ಕರಾವಳಿಯವರೆಗೆ ಉಪ್ಪಿನ ಗದ್ದೆಗಳು. ಈ ಭಾಗದ ಆಗ್ರಿ ಸಮುದಾಯದ ಹೆಸರು ‘ಆಗರ’ದಿಂದ ಬಂದದ್ದು, ಕನ್ನಡದ ‘ಉಪ್ಪಿನಾಗರ’ದಲ್ಲಿರುವುದೂ ಅದೇ ಪದ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ಉರಣದ ಉಪ್ಪು ಎರಡೂ ಮುಂಬೈ ಪ್ರಾಂತ್ಯದ ಒಂದೇ ಕಾನೂನಿಗೆ ಒಳಪಟ್ಟಿದ್ದವು.

ಉಪ್ಪಿನ ವಿಷಯದಲ್ಲಿ ಗಾದೆಯ ಬೇಲಿ ಉಪಮೆಯಾಗಿ ಮಾತ್ರ ಉಳಿಯಲಿಲ್ಲ. ತೆರಿಗೆ ಕೊಡದ ಉಪ್ಪು ಒಳನಾಡಿಗೆ ನುಸುಳದಂತೆ ತಡೆಯಲು ಸರ್ಕಾರ ಉತ್ತರ ಭಾರತದ ಉದ್ದಕ್ಕೂ ಜಾಲಿ, ಕವಳೆ, ಬಾರೆ, ಪಾಪಾಸುಕಳ್ಳಿಗಳ ಜೀವಂತ ಬೇಲಿಯನ್ನೇ ಬೆಳೆಸಿತು. 1869ರ ಹೊತ್ತಿಗೆ ಆ ಸುಂಕದ ಗಡಿ ಸಿಂಧೂ ನದಿಯಿಂದ ಮಹಾನದಿಯ ಕಡೆಗೆ ಸುಮಾರು 2,300 ಮೈಲಿ ಹಬ್ಬಿ, ಕಾವಲಿಗೆ 12,000ದಷ್ಟು ಜನರಿದ್ದರು. ಬೇಲಿಯನ್ನು ಬೆಳೆಸಿ ಬಲಪಡಿಸಿದ ಅಧಿಕಾರಿಗಳಲ್ಲಿ ಎ.ಒ. ಹ್ಯೂಮ್ ಒಬ್ಬರು; 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲೂ ಅವರೇ ಒಬ್ಬರು. ಹೊಲ ಕಾಯಲು ಬೇಲಿ ಹಾಕುವುದನ್ನು ಜನ ಬಲ್ಲರು. ಬಡವನ ಗಂಜಿಗೆ ಬೀಳುವ ಹರಳುಪ್ಪನ್ನು ತಡೆಯಲು ನಾಡಿಗೇ ಬೇಲಿ ಹಾಕಿದ್ದು ಆಳುವವರ ಕ್ರೌರ್ಯವೇ ಸರಿ. 1879ರಲ್ಲಿ ಬೇಲಿಯನ್ನು ಕೈಬಿಟ್ಟರು, ತೆರಿಗೆಯನ್ನು ಬಿಡಲಿಲ್ಲ. 1923ರಲ್ಲಿ ಅದನ್ನು ಇಮ್ಮಡಿಗೊಳಿಸಿ ಮಣಕ್ಕೆ ಎರಡೂವರೆ ರೂಪಾಯಿ ಮಾಡುವ ಪ್ರಸ್ತಾವವನ್ನು ಕೇಂದ್ರ ಶಾಸನಸಭೆ ತಳ್ಳಿಹಾಕಿದಾಗ ವೈಸರಾಯ್ ರೀಡಿಂಗ್ ತಮ್ಮ ವಿಶೇಷಾಧಿಕಾರದಿಂದ ಜಾರಿಮಾಡಿದರು. ಬೋಸ್ಟನ್ನಿನವರಿಗೆ ಸಂಸತ್ತಿನಲ್ಲಿ ಪ್ರತಿನಿಧಿಗಳಿರಲಿಲ್ಲ. ಇಲ್ಲಿ ಪ್ರತಿನಿಧಿಗಳಿದ್ದು ಬೇಡವೆಂದರೂ ಕೇಳುವವರಿರಲಿಲ್ಲ. ಮರುವರ್ಷ ದರ ಇಳಿದರೂ ಕಹಿ ಇಳಿಯಲಿಲ್ಲ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಹಿಡಿದರು. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಜನಸಾಗರವೇ ಆ ಕಾನೂನನ್ನು ಮುರಿಯಿತು.

ಉಪ್ಪಿಗಿಂತ ಆಳವಾದ ಗಾಯ ಕಾಡಿನದು. ಕಾಡಿನ ರಕ್ಷಣೆಯ ಹೆಸರಿನಲ್ಲಿ 1878ರ ಅರಣ್ಯ ಕಾಯ್ದೆ ಬಂತು. ರಕ್ಷಿತವಾದ ಸಾಗವಾನಿ ರೈಲುಹಳಿಯ ಅಡಿಗೂ ಹಡಗುಕಟ್ಟೆಗೂ ಹೋಯಿತು. ಸೊಪ್ಪು, ಸೌದೆ, ಮೇವಿಗೆ ಹೋದ ಹಳ್ಳಿಯವನು ಅಪರಾಧಿಯಾದ. ಮೀಸಲು ಕಾಡಿಗೆ ಕಾಲಿಟ್ಟ ಅವನ ದನವನ್ನು 1871ರ ಕಾಯ್ದೆಯ ಬಲದಿಂದ ಸರ್ಕಾರಿ ದೊಡ್ಡಿಗೆ ಹೊಡೆದರು. ಗಾದೆ ಇಲ್ಲಿ ಪೂರ್ತಿ ತಲೆಕೆಳಗಾಯಿತು: ಮೇಯ್ದದ್ದು ಬೇಲಿ, ದೊಡ್ಡಿಗೆ ಹೋದದ್ದು ದನ. ಉತ್ತರ ಕನ್ನಡದ ರೈತರು ಇದರ ವಿರುದ್ಧ ಕಟ್ಟಿಕೊಂಡ ಸಂಘಕ್ಕೆ ‘ವನದುಃಖ ನಿವಾರಣಾ ಸಭೆ’ ಎಂದೇ ಹೆಸರಿತ್ತು. ವನಕ್ಕೂ ದುಃಖಕ್ಕೂ ಸಮಾಸ ಮಾಡುವ ಕಾಲ ಬಂದಿತ್ತು.

ಬೇಲಾಪುರದಿಂದ ಖಾಡಿ ದಾಟಿ ತೆಂಕಣಕ್ಕೆ ಹೋದರೆ ಉರಣ ತಾಲ್ಲೂಕಿನ ಚಿರ್ನೇರ್ ಸಿಗುತ್ತದೆ. 1930ರ ಸೆಪ್ಟೆಂಬರ್ 25ರಂದು ಸುತ್ತಲಿನ ಹಳ್ಳಿಗಳ ಆಗ್ರಿ, ಕೋಲಿ, ಕಾತಕರಿ ಸಮುದಾಯಗಳ ಜನ ಕೊಡಲಿ ಕುಡುಗೋಲು ಹಿಡಿದು ಅಲ್ಲಿನ ಅಕ್ಕಾದೇವಿ ಗುಡ್ಡಕ್ಕೆ ಹೊರಟರು. ಕೆಲವು ಕೊಂಬೆ ಕಡಿದು ಅರಣ್ಯ ಕಾಯ್ದೆಯನ್ನು ಮುರಿಯುವುದೇ ಉದ್ದೇಶ. ಪೊಲೀಸರು ಗುಂಡು ಹಾರಿಸಿದರು. ಎಂಟು ಮಂದಿ ಸತ್ಯಾಗ್ರಹಿಗಳು ಹುತಾತ್ಮರಾದರು. ಮಾಮಲೇದಾರ ಸೇರಿದಂತೆ ಸರ್ಕಾರದ ಕಡೆಯವರೂ ಸತ್ತರು. ಆ ಎಂಟು ಮಂದಿಯಲ್ಲಿ ನಾಗ್ಯಾ ಕಾತಕರಿ ಒಬ್ಬ. ಕಗ್ಗಲಿ ಮರದ ತಿರುಳು ಬೇಯಿಸಿ ಕಾಚು ತೆಗೆಯುತ್ತಿದ್ದ ಸಮುದಾಯ ಅವನದು, ಕುಲದ ಹೆಸರೂ ಆ ಕಾಚಿನಿಂದಲೇ ಬಂದದ್ದು. ಮರ ಮುಟ್ಟಬಾರದೆಂದ ದಿನವೇ ಅವರ ಒಲೆ ಆರಿತ್ತು. ಚಳವಳಿಯ ಚರಿತ್ರೆಯಲ್ಲಿ ದಂಡಿಗೆ ಸಿಕ್ಕ ಪುಟಗಳಲ್ಲಿ ಒಂದೆರಡಾದರೂ ಚಿರ್ನೇರಿಗೆ ಸಿಗಬೇಕಿತ್ತು.

ಉಪ್ಪಿನ ತೆರಿಗೆ 1947ರ ಏಪ್ರಿಲ್‌ನಲ್ಲಿ ರದ್ದಾಯಿತು. 1878ರದನ್ನು ತಿದ್ದಿ ಬರೆದ 1927ರ ಅರಣ್ಯ ಕಾಯ್ದೆ ಮಹಾರಾಷ್ಟ್ರದಲ್ಲಿ ಇಂದಿಗೂ ಜಾರಿಯಲ್ಲಿದೆ. ಕಾಡಿನ ಜನರಿಗೆ ಆದದ್ದು ಚಾರಿತ್ರಿಕ ಅನ್ಯಾಯ ಎಂದು ದೇಶದ ಕಾನೂನು ತನ್ನ ಪೀಠಿಕೆಯಲ್ಲಿ ಒಪ್ಪಿಕೊಂಡದ್ದು 2006ರಲ್ಲಿ, ನಾಗ್ಯಾ ಕಾತಕರಿ ಸತ್ತು 76 ವರ್ಷಗಳಾದ ಮೇಲೆ.