ಹಿತ್ತಿಲ ಬಾಗಿಲಿನ ಉಡುಗೊರೆ

ಬಾಣಂತಿಯನ್ನು ನೋಡಲು, ರೋಗಿಯನ್ನು ವಿಚಾರಿಸಲು, ಹಿರಿಯರ ಬಳಿಗೆ ಬರಿಗೈಯಲ್ಲಿ ಹೋಗಬಾರದು ಎನ್ನುತ್ತಾರೆ. ಸಾವಿನ ಮನೆಗೆ ಮಾತ್ರ ಬರಿಗೈಯಲ್ಲೇ ಹೋಗುವುದು ನಮ್ಮ ಕಡೆಯ ರೂಢಿ. ಹೊರಡುವಾಗ ‘ಬರ್ತೇನೆ’ ಎಂದೂ ಹೇಳುವಂತಿಲ್ಲ, ಸುಮ್ಮನೆ ಎದ್ದು ಬರಬೇಕು. ಈಗ ಆನ್‌ಲೈನಿನಲ್ಲಿ ಸಾಂತ್ವನದ ಬುಟ್ಟಿಗಳೂ ಸಿಗುತ್ತವೆ: ಒಣಹಣ್ಣು, ಚಾಕೊಲೇಟು, ಮೇಲೊಂದು ರಿಬ್ಬನ್ನು. ದೂರದೂರಿನಲ್ಲಿರುವವರು, ಪಾಪ, ಬರಲಾಗದ ಸಂಕಟಕ್ಕೆ ಕಳುಹಿಸುತ್ತಾರೆ. ಸೂತಕದ ಮನೆಯಲ್ಲಿ ಅದನ್ನು ಬಿಚ್ಚುವವರಾರು?

ಹಾಗಾದರೆ ಹೊನ್ನಾವರದ ಪಕ್ಕದ ಕರ್ಕಿಯಂಥ ಊರು ಏನೂ ಕೊಡುವುದಿಲ್ಲವೇ? ಮುಂಬಾಗಿಲಿನಿಂದ ಕೊಡುವುದಿಲ್ಲ, ಅಷ್ಟೇ. ಆಷಾಢದ ಮಳೆಯಲ್ಲಿ ಹೊನ್ನಾವರ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಚಿಂತೆ ಒಣ ಕಟ್ಟಿಗೆಯದು. ಬಚ್ಚಲೊಲೆಗೆಂದು ಬೇಸಿಗೆಯಲ್ಲೇ ಸೀಳಿ ಒಟ್ಟಿದ್ದನ್ನು ಪಕ್ಕದ ಮನೆಯವರು ಕೇಳುವ ಮೊದಲೇ ಹೊತ್ತು ತರುತ್ತಾರೆ. ಒಲೆ ಹಚ್ಚದ ಮನೆಗೆ ಹಿತ್ತಿಲ ಬಾಗಿಲಿನಿಂದ ಚಾ ತಪ್ಪಲೆ ಬರುತ್ತದೆ, ಗಂಜಿ ಬರುತ್ತದೆ. ಕೊಟ್ಟಿಗೆಯಲ್ಲಿ ಕೂಗುವ ಎಮ್ಮೆಗೆ ಯಾರೋ ಹುಲ್ಲು ಹಾಕಿ, ಹಾಲು ಕರೆದಿಟ್ಟು ಹೋಗಿರುತ್ತಾರೆ. ಹದಿಮೂರನೆಯ ದಿನದ ಊಟದ ಬಾಳೆಎಲೆ, ತೆಂಗಿನಕಾಯಿ ಯಾವ ತೋಟದ್ದೆಂದು ಯಾರೂ ಬರೆದಿಡುವುದಿಲ್ಲ. ಮದುವೆಯ ಮುಯ್ಯಿಗೆ ಪುಸ್ತಕವಿದೆ, ಇದಕ್ಕಿಲ್ಲ. ಜಪಾನಿನಲ್ಲಿ ಸಾವಿನ ಮನೆಗೆ ಲಕೋಟೆಯಲ್ಲಿ ಹಣ ಕೊಡುತ್ತಾರಂತೆ. ಆಮೇಲೆ ಆ ಮನೆಯವರು ಅದರ ಅರ್ಧದಷ್ಟು ಬೆಲೆಯ ವಸ್ತುವನ್ನು ಮರಳಿ ಕಳುಹಿಸುವುದು ಅಲ್ಲಿನ ವಾಡಿಕೆ. ಅತ್ತು ಸುಸ್ತಾದವರ ತಲೆಗೆ ಈ ಲೆಕ್ಕವೂ ಬೇಕೆ ಎಂದು ನನಗನ್ನಿಸುತ್ತದೆ.

ಅನ್ನ ಕೊಡುವುದರಲ್ಲಿ ಜಾತಿಮತದ ಭೇದವಿಲ್ಲ. ತಮ್ಮ ಸೋದರಸಂಬಂಧಿ ಜಾಫರ್ ಯುದ್ಧದಲ್ಲಿ ಮಡಿದಾಗ, ಆ ಮನೆಯವರಿಗೆ ಅಡುಗೆ ಮಾಡಿ ಕೊಡಿ ಎಂದು ಪ್ರವಾದಿ ಮುಹಮ್ಮದರು ಹೇಳಿದ್ದನ್ನು ಮುಸ್ಲಿಮರು ಇಂದಿಗೂ ನೆನೆಯುತ್ತಾರೆ. ಆದರೆ ಒಯ್ಯುವ ಮೊದಲು ಒಂದು ಮಾತು ಕೇಳಿಕೊಳ್ಳಬೇಕು. ಕೆಲವು ಮನೆಗಳಲ್ಲಿ ಸೂತಕದಲ್ಲಿ ಒಗ್ಗರಣೆ ಸೇರುವುದಿಲ್ಲ, ಕರ್ಮಕ್ಕೆ ಕೂತವರಿಗೆ ಬೇರೆಯೇ ನಿಯಮ. ಕೇಳಬೇಕಾದ್ದು ದುಃಖದಲ್ಲಿರುವವರನ್ನಲ್ಲ, ಒಳಗೆ ಓಡಾಡಿಕೊಂಡಿರುವ ಅತ್ತಿಗೆಯನ್ನೋ ನೆರೆಯವರನ್ನೋ. ‘ಏನಾದ್ರೂ ಬೇಕಿದ್ರೆ ಹೇಳಿ’ ಎಂದು ಹೇಳಿ ಹೊರಡುವವರು ಬಹಳ. ಹಾಗೆ ಹೇಳಿಸಿಕೊಂಡು ಫೋನು ಮಾಡಿ ಬೇಡಿದವರನ್ನು ನಾನಂತೂ ಕಂಡಿಲ್ಲ.

ಈಗಿನ ಕಾಲಕ್ಕೆ ತಕ್ಕ ಇನ್ನೊಂದು ಕೊಡುಗೆಯಿದೆ, ಯಾವ ಅಂಗಡಿಯಲ್ಲೂ ಸಿಗದ್ದು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ವಂಶವೃಕ್ಷಕ್ಕೆ ನಾಡಕಚೇರಿ, ಪೌತಿ ಖಾತೆಗೆ ಅರ್ಜಿ, ಬ್ಯಾಂಕಿನಲ್ಲಿ ನಾಮಿನಿಯ ಸಹಿ, ಪಿಂಚಣಿ ನಿಲ್ಲಿಸುವ ಪತ್ರ. ಮಕ್ಕಳು ರಜೆ ಮುಗಿದು ರಾತ್ರಿ ಬಸ್ಸು ಹತ್ತಿದ ಮೇಲೆ ಇದೆಲ್ಲ ಉಳಿಯುವುದು ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಪಾಲಿಗೆ. ಇಷ್ಟು ವರ್ಷ ಮನೆಯ ಕಾಗದವೆಲ್ಲ ಗಂಡನ ಟ್ರಂಕಿನಲ್ಲಿತ್ತು, ಯಾವುದು ಪಹಣಿ, ಯಾವುದು ತೀರುವೆ ರಸೀದಿ ಎಂಬುದೂ ಆಕೆಗೆ ಗೊತ್ತಿರುವುದಿಲ್ಲ. ಬೈಕೋ ಕಾರೋ ಇರುವ ಒಬ್ಬ ನೆರೆಯ ಹುಡುಗ ಒಂದು ದಿನ ರಜೆ ಹಾಕಿ ಆಕೆಯನ್ನು ಹೊನ್ನಾವರಕ್ಕೆ ಕರೆದೊಯ್ದು, ಸಾಲಿನಲ್ಲಿ ತಾನು ನಿಂತು, ಆಕೆಯನ್ನು ಬೆಂಚಿನ ಮೇಲೆ ಕೂರಿಸಲಿ. ಮರಣ ಪ್ರಮಾಣಪತ್ರ, ಆಧಾರ್ ಕಾರ್ಡು ಎರಡರದ್ದೂ ಜೆರಾಕ್ಸ್ ಪ್ರತಿ ನಾಲ್ಕು ಹೆಚ್ಚೇ ಇರಲಿ. ಪ್ರತಿ ಕಿಟಕಿಯಲ್ಲೂ ಒಂದೊಂದು ಕೇಳುತ್ತಾರೆ.