ಮದ್ದಿನ ಭಯ, ರೋಗದ ಭಯ



ರಾಜಾಜಿನಗರ, ವಿಜಯನಗರಗಳ ಕಡೆಯಿಂದ ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ಕೇಳುವುದುಂಟು: "ಬುದ್ಧೀ, ಸಂಧಿವಾತಕ್ಕೆ ಡಾಕ್ಟರು ಹೊಸ ಮಾತ್ರೆ ಬರೆದಿದ್ದಾರೆ. ತೆಗೆದುಕೊಳ್ಳಲೋ, ಬೇಡವೋ?"

ರುಮಟಾಯ್ಡ್ ಸಂಧಿವಾತವು ಕೇವಲ ಮುಪ್ಪಿನ ನೋವಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಕೀಲುಗಳ ಒಳಪೊರೆಯನ್ನು ಬಾಧಿಸುವ ವ್ಯಾಧಿಯಿದು. ಮುಂಜಾನೆ ಬೆರಳುಗಳು ಸೆಟೆದು, ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿಯುವುದೂ ದುಸ್ತರವಾಗುತ್ತದೆ. ಒಮ್ಮೆ ಸವೆದ ಕೀಲು ಮೊದಲಿನಂತಾಗದು.

ಇದಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಮೂಲತಃ ಕ್ಯಾನ್ಸರಿಗೆ ಬಳಕೆಯಾದುದು. 1988ರಲ್ಲಿ ಅಮೆರಿಕವು ಈ ವ್ಯಾಧಿಗೂ ಅನುಮತಿಸಿತು. ಆ ಹೆಸರೇ ಹಲವರನ್ನು ಅಂಜಿಸುತ್ತದೆ. ಆದರೆ ಇಲ್ಲಿ ಪ್ರಮಾಣ ಬಹಳ ಕಡಿಮೆ, ಅದೂ ವಾರಕ್ಕೊಮ್ಮೆ ಮಾತ್ರ. ತಪ್ಪಿ ನಿತ್ಯ ಸೇವಿಸಿದರೆ ಪ್ರಾಣಾಪಾಯವುಂಟು. ಗುಣ ಕಾಣಲು ಹಲವು ವಾರಗಳು ಬೇಕು. ರಕ್ತ, ಯಕೃತ್ತುಗಳ ಪರೀಕ್ಷೆ ತಪ್ಪಬಾರದು. ಗರ್ಭಿಣಿಯರಿಗೆ ಇದು ವರ್ಜ್ಯ.

ಆದುದರಿಂದ ಭಯ ನಿರಾಧಾರವೆನ್ನಲಾಗದು. ಆದರೆ ನಾವು ಮದ್ದಿನ ಅಪಾಯವನ್ನಷ್ಟೇ ತೂಗುತ್ತೇವೆ. ರೋಗದ ಅಪಾಯವನ್ನು ತಕ್ಕಡಿಗೆ ಹಾಕುವುದೇ ಇಲ್ಲ. ಮಾಡಿದ್ದರಿಂದ ಬಂದ ಕೇಡು ನಮ್ಮದು, ಮಾಡದೆ ಬಿಟ್ಟದ್ದರಿಂದ ಬಂದ ಕೇಡು ವಿಧಿಯದು ಎಂಬ ಭ್ರಮೆಯಿದು. ಸುಮ್ಮನಿರುವುದೂ ಒಂದು ನಿರ್ಧಾರವೇ. ಅದರ ಹೊಣೆಯೂ ನಮ್ಮದೇ.

ಶರಣರು ದೇಹದಂಡನೆಯನ್ನು ಒಪ್ಪಲಿಲ್ಲ. ಕೈ ಸೋತರೆ ಕಾಯಕ ನಡೆಯುವುದೆಂತು? ವಿಭೂತಿ, ಪ್ರಸಾದಗಳು ಧೈರ್ಯ ಕೊಡಬಲ್ಲವು. ಚಿಕಿತ್ಸೆಯ ಸ್ಥಾನವನ್ನು ತುಂಬಲಾರವು. ವೈದ್ಯರಲ್ಲಿ ಎರಡು ಪ್ರಶ್ನೆಗಳನ್ನು ಕೇಳಿರಿ: ಈ ಮದ್ದಿನಿಂದ ಏನು ಕೆಟ್ಟೀತು? ಇದಿಲ್ಲದೆ ಏನು ಕೆಟ್ಟೀತು? ಎರಡಕ್ಕೂ ಉತ್ತರ ಪಡೆದ ಬಳಿಕವೇ ನಿರ್ಧರಿಸಿರಿ.